ಎಂಟು ಗಂಟೆಯವರು, ಹತ್ತೂವರೆಯವರು

ಜೂನ್ 15, ಭಾನುವಾರ

ಇವತ್ತು ಎಂಟು ಗಂಟೆಯ ಆರಾಧನೆ ಮುಗಿದ ಮೇಲೆ ಹೊಸ ಅಯ್ಯನವರು ಪ್ರಸಂಗಪೀಠದ ಕಡೆ ಹೋಗದೆ ಕೆಳಗಿಳಿದು ಬಂದರು. ಮೊದಲನೇ ಬೆಂಚಿನ ತುದಿಗೆ ಸೊಂಟ ಒರಗಿಸಿ ನಿಂತು, "ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು" ಎಂದರು. ಪಾದ್ರಿಗಳು ಬೆಂಚಿಗೆ ಒರಗಿಕೊಂಡು ಹೇಳುವುದು ಯಾವತ್ತೂ ಒಳ್ಳೆಯ ಸುದ್ದಿಯಲ್ಲ. ಒಳ್ಳೆಯದಾಗಿದ್ದರೆ ಮೇಲಿನಿಂದಲೇ ಹೇಳುತ್ತಾರೆ.

ಜುಲೈ ಮೊದಲನೇ ಭಾನುವಾರದಿಂದ ಎಂಟು ಗಂಟೆಯ ಆರಾಧನೆ ಇಲ್ಲವಂತೆ. ಹತ್ತೂವರೆಯದೂ ಇಲ್ಲವಂತೆ. ಎರಡನ್ನೂ ಸೇರಿಸಿ ಒಂಬತ್ತೂಕಾಲಿಗೆ ಒಂದೇ ಆರಾಧನೆ, ಪ್ರಯೋಗಕ್ಕೆಂದು ಮೂರು ತಿಂಗಳು. ಅವರಿಗೆ ಆಚೆ ಊರಿನ ಚಿಕ್ಕ ಸಭೆಯನ್ನೂ ನೋಡಿಕೊಳ್ಳಲು ಹೇಳಿದ್ದಾರಂತೆ, ಇರುವುದು ಒಬ್ಬರೇ ಅಯ್ಯನವರು, ಎಲ್ಲಿ ಅಂತ ಓಡುತ್ತಾರೆ. ಅದು ಒಪ್ಪುವ ಮಾತೇ. ಆದರೆ ಅಷ್ಟಕ್ಕೇ ನಿಲ್ಲಿಸದೆ, "ಅಲ್ಲದೆ ನಾವೆಲ್ಲ ಒಂದೇ ಕುಟುಂಬ ಅಲ್ವಾ?" ಎಂದು ನಕ್ಕರು. ಇವರಿಗೆ ಕುಟುಂಬಗಳ ವಿಷಯ ಅಷ್ಟಾಗಿ ಗೊತ್ತಿದ್ದ ಹಾಗಿಲ್ಲ.

ನಮ್ಮ ಆಂಗ್ಲಿಕನ್ ಸಭೆಯಲ್ಲಿ ಎರಡು ಹೊತ್ತಿನ ಆರಾಧನೆ ಇರುವುದು ಸುಮ್ಮನೆ ಅಲ್ಲ. ಎಂಟು ಗಂಟೆಯದು ಹಳೆಯ ಪ್ರಾರ್ಥನಾ ಪುಸ್ತಕದ್ದು. ಹಾಡಿಲ್ಲ, ಗದ್ದಲವಿಲ್ಲ, ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಬಂದೆವು, ಮೊಣಕಾಲೂರಿದೆವು, ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡೆವು, ಮನೆಗೆ ಹೋದೆವು. ಹತ್ತೂವರೆಯದಕ್ಕೆ ಗಿಟಾರ್ ಉಂಟು, ತಬಲಾ ಉಂಟು, ಮಕ್ಕಳ ಓಡಾಟ ಉಂಟು. ಮುಂದೆ ನಿಂತು ಎಲ್ಲರನ್ನೂ ಹಾಡಿಸುವವಳು ನನ್ನ ತಂಗಿ.

ತಂಗಿಗೂ ನನಗೂ ಮಾತು ನಿಂತು ಏಳು ವರ್ಷ. ಎಂಟು ಗಂಟೆ ನನ್ನದು, ಹತ್ತೂವರೆ ಅವಳದು. ಒಂದೇ ಚರ್ಚಿಗೆ ಹೋಗಿಯೂ ಒಬ್ಬರ ಮುಖ ಒಬ್ಬರು ನೋಡದೆ ಇರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ. ಈಗ ಒಂಬತ್ತೂಕಾಲಿಗೆ ಇಬ್ಬರನ್ನೂ ಒಂದೇ ಸೂರಿನ ಕೆಳಗೆ ಕೂರಿಸುತ್ತಾರಂತೆ. ನಾನು ಬಿಡುವುದಿಲ್ಲ.

ಜೂನ್ 17, ಮಂಗಳವಾರ

ಪೋಸ್ಟ್‌ಮಾಸ್ತರು ನನ್ನ ಕನ್ನಡಕದ ಅಂಗಡಿಗೆ ಬಂದಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಎಂಟು ಗಂಟೆಯವರಿಗೆಲ್ಲ ಅವರು ಪೋಸ್ಟ್‌ಮಾಸ್ತರೇ. ಕನ್ನಡಕದ ಮೂಗಿನ ಪ್ಯಾಡು ಬದಲಾಯಿಸುವ ನೆಪ. ಬಂದದ್ದು ಹೊಟ್ಟೆಯುರಿ ಹೇಳಿಕೊಳ್ಳಲು.

"ಕನ್ನಡಕದಮ್ಮ, ಇದು ಅನ್ಯಾಯ ಅಲ್ವಾ? ಒಂಬತ್ತೂಕಾಲು ಅಂದ್ರೆ ಏನು ಹೊತ್ತು ಅದು? ತಿಂಡಿ ತಿಂದು ಹೋಗ್ಬೇಕೋ, ಬಂದು ತಿನ್ಬೇಕೋ?"

"ತಿಂಡಿ ವಿಷಯ ಅಲ್ಲ ಮಾಸ್ತರೇ, ಭಕ್ತಿ ವಿಷಯ" ಎಂದೆ.

"ಅದೇ, ಭಕ್ತಿ ವಿಷಯಾನೇ" ಎಂದು ತಕ್ಷಣ ಒಪ್ಪಿಕೊಂಡರು. ಆಮೇಲೂ ಸ್ವಲ್ಪ ಹೊತ್ತು ತಿಂಡಿಯ ಬಗ್ಗೆಯೇ ಮಾತಾಡಿದರು.

ಸಹಿ ಸಂಗ್ರಹಿಸುವುದು ಎಂದು ತೀರ್ಮಾನವಾಯಿತು. ಎಂಟು ಗಂಟೆಗೆ ಬರುವವರು ಬೆರಳೆಣಿಕೆಯಷ್ಟು ಮಂದಿಯಾದರೂ, ಎಂದೋ ಒಮ್ಮೆ ಬಂದವರನ್ನೂ ಮುಂದೆ ಬರಬಹುದಾದವರನ್ನೂ ಸೇರಿಸಿಕೊಂಡರೆ ಸಂಖ್ಯೆ ಮರ್ಯಾದೆಯಾಗಿ ಕಾಣುತ್ತದೆ. ನಮ್ಮ ಎಂಟು ಗಂಟೆಯವರೇ ಆದ ಹಲ್ಲಿನ ಡಾಕ್ಟರು ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತವರ ಸಹಿ ಹಾಕಿಸಿಕೊಡುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದಾರೆ. ಆ ಸ್ಥಿತಿಯಲ್ಲಿ ಇಲ್ಲ ಎನ್ನುವವರು ಯಾರು.

ಜೂನ್ 22, ಭಾನುವಾರ

ಸಹಿಗಳನ್ನು ಕೊಟ್ಟಾಯಿತು. ಅಯ್ಯನವರು ನಿಧಾನವಾಗಿ ಓದಿದರು. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಸಿಟ್ಟು ಬಾರದ ಪಾದ್ರಿಯ ಜೊತೆ ಜಗಳವಾಡುವುದು ಬಹಳ ಕಷ್ಟ.

"ಅಮ್ಮಾ, ಮೂರು ತಿಂಗಳು ನೋಡೋಣ. ಸೆಪ್ಟೆಂಬರ್ ಕೊನೇಲಿ ಎಲ್ರೂ ಸೇರಿ ಕೈ ಎತ್ತಿ ತೀರ್ಮಾನ ಮಾಡೋಣ. ಎಂಟು ಗಂಟೆದೇ ಬೇಕು ಅಂತ ಸಭೆ ಹೇಳಿದ್ರೆ ನಾನು ಎದ್ದು ಬರ್ತೀನಿ, ಆಚೆ ಊರಿಗೆ ಸಾಯಂಕಾಲ ಹೋಗ್ತೀನಿ. ಆಯ್ತಾ?"

ಆಯ್ತು ಎನ್ನದೆ ಬೇರೆ ದಾರಿ ಇರಲಿಲ್ಲ. ಹೊರಡುವಾಗ ಅವರು, "ನಿಮ್ಮ ತಂಗೀನೂ ಒಂಬತ್ತೂಕಾಲು ಬೇಡ ಅಂತಾನೇ ಹೇಳಿದ್ರು" ಎಂದರು.

ಕೇಳಿ ಮೈ ಉರಿಯಿತು. ಅವಳಿಗೇನು ಕಷ್ಟವಂತೆ? ನಾನು ಬೇಡ ಎಂದರೆ ಅದಕ್ಕೆ ಕಾರಣ ಉಂಟು. ಅಮ್ಮ ತೀರಿಕೊಂಡಾಗ ಅಂತ್ಯಕ್ರಿಯೆಯ ಆರಾಧನೆಯಲ್ಲಿ ಇವಳು ಗಿಟಾರಿನವನನ್ನು ಕರೆದುಕೊಂಡು ಬಂದು ಹಾಡುತ್ತೇನೆ ಎಂದು ನಿಂತಳು. ನಾನು ಆಗಿನ ಅಯ್ಯನವರಿಗೆ ಹೇಳಿ ಹಾಡು ತೆಗೆಸಿದೆ. ಅಮ್ಮ ಇದ್ದದ್ದು ನನ್ನ ಮನೆಯಲ್ಲಿ, ಎಂಟು ಗಂಟೆಗೆ ಬರುತ್ತಿದ್ದದ್ದು ನನ್ನ ಕೈ ಹಿಡಿದುಕೊಂಡು. ಅವರಿಗೆ ಹಾಡು, ಗದ್ದಲ ಆಗಿಬರುತ್ತಿರಲಿಲ್ಲ ಎಂದು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಆವತ್ತು ಗೇಟಿನ ಹತ್ತಿರ ಎಲ್ಲರ ಎದುರಿಗೆ, "ಅಮ್ಮ ಹಾಗೆ ಅಂತಿದ್ದದ್ದು ನಿನ್ನ ಮುಂದೆ ಮಾತ್ರ ಅಕ್ಕ" ಎಂದಳು. ಅದೇ ನಮ್ಮ ಕೊನೆಯ ಮಾತು. ಅವಳೇ ಬಂದು ಮಾತಾಡಿಸಲಿ ಎಂದು ನಾನು ಸುಮ್ಮನಿದ್ದೇನೆ. ಅವಳೂ ಸುಮ್ಮನಿದ್ದಾಳೆ. ಹಟದಲ್ಲಿ ಅವಳದು ಎತ್ತಿದ ಕೈ.

ಜುಲೈ 6, ಭಾನುವಾರ

ಒಂಬತ್ತೂಕಾಲರ ಮೊದಲನೇ ಆರಾಧನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬಲಿಪೀಠದ ಎಡಗಡೆ ಗೋಡೆಯ ಮೇಲೆ ಒಂದು ಬಿಳಿ ಪರದೆ. ಪುಸ್ತಕ ಹಿಡಿಯುವುದು ಬೇಡ, ಎಲ್ಲವೂ ಅದರ ಮೇಲೆ ಬರುತ್ತದಂತೆ. ಪಾಪದ ಅರಿಕೆ ಅರ್ಧ ಬಂದು ನಿಂತುಬಿಟ್ಟಿತು. ಯಂತ್ರ ನೋಡಿಕೊಳ್ಳುವವನು ಗಾಬರಿಯಿಂದ ತಂತಿ ಎಳೆಯುವಷ್ಟು ಹೊತ್ತು ಇಡೀ ಸಭೆ ಅರ್ಧ ಪಾಪ ಒಪ್ಪಿಕೊಂಡು ನಿಂತಿತ್ತು. ಎಂಟು ಗಂಟೆಯವರು ಉಳಿದದ್ದನ್ನು ಬಾಯಿಪಾಠದಿಂದ ಮುಗಿಸಿದೆವು. ಸ್ವಲ್ಪ ಗಟ್ಟಿಯಾಗಿಯೇ ಮುಗಿಸಿದೆವು.

ಆಮೇಲೆ ಬಂತು ನೋಡಿ, ಸಮಾಧಾನ. ಹೊಸ ಕ್ರಮದಲ್ಲಿ ಕಾಣಿಕೆಗೆ ಮುಂಚೆ ಅಯ್ಯನವರು, "ಕರ್ತನ ಸಮಾಧಾನವು ನಿಮ್ಮ ಸಂಗಡ ಇರಲಿ. ಅಕ್ಕಪಕ್ಕದವರಿಗೆ ಸಮಾಧಾನ ಹೇಳೋಣ" ಎನ್ನುತ್ತಾರೆ. ಕೂಡಲೇ ಎಲ್ಲರೂ ಎದ್ದು ಒಬ್ಬರ ಕೈ ಒಬ್ಬರು ಹಿಡಿದು ಕುಲುಕಬೇಕು. ಹತ್ತೂವರೆಯವರಿಗೆ ಇದು ಅಭ್ಯಾಸ. ಬೆಂಚು ಬಿಟ್ಟು ಓಡಾಡುತ್ತಾರೆ, ತಬ್ಬಿಕೊಳ್ಳುತ್ತಾರೆ, ಮಗುವಿಗೆ ಹಲ್ಲು ಬಂತಾ ಎಂದು ವಿಚಾರಿಸುತ್ತಾರೆ. ಪೋಸ್ಟ್‌ಮಾಸ್ತರು ವಿಳಾಸ ತಪ್ಪಿ ಬಂದ ಪಾರ್ಸೆಲ್ ಹಿಡಿದ ಹಾಗೆ ಒಂದೊಂದೇ ಕೈಯನ್ನು ಹಿಡಿದು ನೋಡಿ ಬಿಟ್ಟರು.

ತಂಗಿ ನಡುದಾರಿಯ ಆಚೆ ಬದಿಯಲ್ಲಿ ಇದ್ದಳು. ಎಲ್ಲರ ಕೈ ಕುಲುಕುತ್ತ ನಮ್ಮ ಸಾಲಿನ ಕಡೆಗೇ ಬರುತ್ತಿದ್ದಳು. ಆಗ ನನ್ನ ಚಪ್ಪಲಿಯ ಪಟ್ಟಿ ಸಡಿಲವಾಗಿದೆ ಎನ್ನಿಸಿ ಬಗ್ಗಿದೆ. ಪಟ್ಟಿ ಸರಿಪಡಿಸಿ ಎದ್ದೇಳುವಷ್ಟರಲ್ಲಿ ಸಮಾಧಾನ ಮುಗಿದಿತ್ತು.

ಜುಲೈ 9, ಬುಧವಾರ

ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಭಾನುವಾರ ಪರದೆಯ ಮೇಲಿನ ಅಕ್ಷರ ಕಾಣಲಿಲ್ಲ ಎಂದು ಅರ್ಧ ಸಭೆ ಕಣ್ಣು ಪರೀಕ್ಷೆಗೆ ಬಂದಿದೆ. ಇಷ್ಟು ದಿನ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕಾಲ ತಳ್ಳಿದವರು. ಈಗ ದೂರದ್ದು ನೋಡಬೇಕಾದಾಗ ಗುಟ್ಟು ಹೊರಬಿತ್ತು.

ಪೋಸ್ಟ್‌ಮಾಸ್ತರು ಬಂದು ಸಾಲು ನೋಡಿ, "ಏನಮ್ಮ, ನೀವೇ ಈ ಪರದೆ ಹಾಕ್ಸಿದ್ದಾ?" ಎಂದರು. ನಾನು ಮುಖ ಗಂಟು ಹಾಕಿಕೊಂಡು ಫ್ರೇಮು ಒರೆಸಿದೆ. ತತ್ವ ಬೇರೆ, ವ್ಯಾಪಾರ ಬೇರೆ.

ಜುಲೈ 13, ಭಾನುವಾರ

ಬೆಂಚು ಬದಲಾಯಿಸಿದೆ. ಎಷ್ಟೋ ವರ್ಷ ಕೂತ ಜಾಗದಿಂದ ಪರದೆಗೆ ಕಂಬ ಅಡ್ಡ ಬರುತ್ತದೆ. ಪರದೆ ನೋಡುವ ಆಸೆಯೇನೂ ನನಗಿಲ್ಲ, ಆದರೆ ತಪ್ಪು ಹುಡುಕಬೇಕಾದರೆ ನೋಡಲೇಬೇಕಲ್ಲ. ಹೊಸ ಜಾಗ ನಡುದಾರಿಯ ಪಕ್ಕದಲ್ಲೇ ಇದೆ. ಅಲ್ಲಿಂದ ಹಾಡಿಸುವವರೂ ಕಾಣುತ್ತಾರೆ, ಅದಕ್ಕೆ ಏನು ಮಾಡಲಿ.

ತಂಗಿಯ ಕನ್ನಡಕ ಯಾವ ಪುಣ್ಯಾತ್ಮ ಮಾಡಿಕೊಟ್ಟನೋ ಗೊತ್ತಿಲ್ಲ. ಎಡಗಡೆ ಜಗ್ಗಿದೆ. ಪರದೆ ನೋಡುವಾಗ ಗದ್ದ ಮೇಲೆತ್ತುತ್ತಾಳೆ, ಹಾಡಿನ ಹಾಳೆ ನೋಡುವಾಗ ಕನ್ನಡಕ ಹಣೆಗೆ ಏರಿಸುತ್ತಾಳೆ. ಎರಡು ಸಾಲಿಗೊಮ್ಮೆ ಗದ್ದ ಮೇಲೆ, ಕನ್ನಡಕ ಮೇಲೆ, ಮತ್ತೆ ಕೆಳಗೆ. ಆ ನಂಬರು ಅವಳದಲ್ಲವೇ ಅಲ್ಲ. ನೋಡಿ ನೋಡಿ ನನಗೇ ಕುತ್ತಿಗೆ ನೋವು ಬಂತು.

ಸಮಾಧಾನದ ಹೊತ್ತಿಗೆ ಕರವಸ್ತ್ರ ಬಿತ್ತು.

ಜುಲೈ 27, ಭಾನುವಾರ

ಹಲ್ಲಿನ ಡಾಕ್ಟರು ಕೈ ಕೊಟ್ಟರು. ಗಿಟಾರಿನವನು ರಜೆಯ ಮೇಲೆ ಹೋಗಿದ್ದಾನಂತೆ, ಅವನ ಜಾಗದಲ್ಲಿ ಇವರು ಹಾರ್ಮೋನಿಕಾ ಹಿಡಿದು ನಿಂತಿದ್ದರು. ಸಹಿ ಹಾಕಿಸಿದ ಮಹಾಶಯರು. ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು, ನಮ್ಮ ಕಡೆ ನೋಡುವ ಧೈರ್ಯವಿರಲಿಲ್ಲವೋ ಏನೋ.

ಆಮೇಲೆ ಹೊರಗೆ ಹಿಡಿದು ನಿಲ್ಲಿಸಿ ಕೇಳಿದೆ.

"ಏನ್ ಡಾಕ್ಟರೇ ಇದು?"

"ಕಾಲೇಜಿನಲ್ಲಿ ಊದ್ತಿದ್ದೆ. ಆಮೇಲೆ ಊದೋಕೆ ಜಾಗಾನೇ ಸಿಕ್ಕಿರ್ಲಿಲ್ಲ" ಎಂದರು. ಮುಖದಲ್ಲಿ ಎಂಥ ಖುಷಿ ಇತ್ತೆಂದರೆ ಬೈಯಲು ಬಾಯಿ ಬರಲಿಲ್ಲ. ಹಾಡು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮೂರನೆಯದು ಸ್ವಲ್ಪ ಉದ್ದವಾಯಿತು, ಅಷ್ಟೇ.

ಸಮಾಧಾನದ ಹೊತ್ತಿಗೆ ಕರವಸ್ತ್ರ ಬೀಳಿಸಿದೆ. ಬಿತ್ತು ಎಂದು ಬರೆಯಬೇಕಿತ್ತು. ಇರಲಿ.

ಆಗಸ್ಟ್ 10, ಭಾನುವಾರ

ಇವತ್ತಿನ ಹಾಡುಗಾರಿಕೆ ಕೇಳಲಾಗುತ್ತಿರಲಿಲ್ಲ. ಯಾರೋ ಒಬ್ಬಳು ಎತ್ತರದಲ್ಲಿ ಶುರು ಮಾಡಿದಳು, ಎರಡನೇ ಚರಣಕ್ಕೆ ಯಾರ ಗಂಟಲೂ ತಲುಪಲಿಲ್ಲ. ತಂಗಿ ಬಂದಿರಲಿಲ್ಲ.

ಬಾರದಿರಲು ಕಾರಣ ಏನೋ. ಅವಳು ಭಾನುವಾರ ತಪ್ಪಿಸುವವಳಲ್ಲ. ಅವಳ ಗಂಡ ಬಂದಿದ್ದರೆ ಮುಖ ನೋಡಿಯಾದರೂ ತಿಳಿಯಬಹುದಿತ್ತು, ಅವರೂ ಇರಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ಸ್ವಂತ ತಂಗಿ ಎಲ್ಲಿ ಎಂದು ಊರವರನ್ನು ಕೇಳುವುದು ನಾಚಿಕೆಗೇಡು. ಸಮಾಧಾನದ ಹೊತ್ತಿಗೆ ಇವತ್ತು ಬಗ್ಗಲಿಲ್ಲ. ಎಡಕ್ಕೂ ಬಲಕ್ಕೂ ಕೈ ಕೊಟ್ಟೆ. ಕೊಟ್ಟರೆ ಏನೂ ಆಗುವುದಿಲ್ಲ.

ಆಗಸ್ಟ್ 12, ಮಂಗಳವಾರ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ಹಲ್ಲು ನೋವೆಂದೆ. ಬಾಯೊಳಗೆಲ್ಲ ಕನ್ನಡಿ ಆಡಿಸಿ ನೋಡಿ, "ಹಲ್ಲು ಗಟ್ಟಿಯಾಗಿದೆಯಲ್ಲಮ್ಮ" ಎಂದರು. ಹತ್ತಿಯ ಉಂಡೆ ಬಾಯಲ್ಲಿಟ್ಟುಕೊಂಡೇ, ಈಚೆಗೆ ಯಾರ್ಯಾರಿಗೆ ಹಲ್ಲು ನೋವು ಎಂದು ಕೇಳಿದೆ. ಅವರು ಮುಗುಳ್ನಕ್ಕು, "ನಿಮ್ಮ ತಂಗಿಗೆ ಶನಿವಾರ ದವಡೆ ಹಲ್ಲು ಕಿತ್ತೆ. ಊತ ಇಳಿದಿದೆ. ಇನ್ನೇನು ಹಾಡೋಕೆ ಬರ್ತಾರೆ" ಎಂದರು.

ಮನಸ್ಸಿಗೆ ಹಗುರವಾಯಿತು. ಹಲ್ಲು ನೋವೂ ಕಡಿಮೆಯಾಗಿದೆ.

ಆಗಸ್ಟ್ 23, ಶನಿವಾರ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಗಾಜಿನ ಪೆಟ್ಟಿಗೆ ಒರೆಸುತ್ತಿದ್ದೆ. ಯಾರೋ ಒಳಗೆ ಬಂದರು. ತಲೆ ಎತ್ತಿದರೆ ತಂಗಿ.

ಇಬ್ಬರೂ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಫ್ರೇಮುಗಳನ್ನು ನೋಡಿದೆವು.

"ಕಣ್ಣು ತೋರಿಸ್ಬೇಕಿತ್ತು" ಎಂದಳು. ನನಗಲ್ಲ, ಫ್ರೇಮುಗಳಿಗೆ.

"ಕೂತ್ಕೋ" ಎಂದೆ. ಗಿರಾಕಿ ಎಂದ ಮೇಲೆ ಕೂರಿಸಲೇಬೇಕು.

ಪರೀಕ್ಷೆಯ ಫ್ರೇಮನ್ನು ಮುಖಕ್ಕೆ ಹಾಕುವಾಗ ನನ್ನ ಬೆರಳು ಅವಳ ಕಿವಿಗೆ ತಾಗಿತು. ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಮುಂದೆ ಮಾತ್ರ ಬಣ್ಣ ಹಚ್ಚುತ್ತಾಳೆ, ಹಿಂದಿನದು ಸಭೆಗೆ ಕಾಣುವುದಿಲ್ಲವಲ್ಲ. ನಾನು ಎತ್ತಿ ಆಡಿಸಿದ ಹುಡುಗಿ ಇವಳು. ಎದುರಿನ ಅಕ್ಷರದ ಬೋರ್ಡಿನ ದೀಪ ಹಾಕುವ ನೆಪದಲ್ಲಿ ಅತ್ತ ಹೋದೆ.

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?"

"ಮೊದಲನೇದು."

"ಈಗ?"

"ಎರಡೂ ಒಂದೇ ಥರ."

"ಸರಿಯಾಗಿ ನೋಡಿ ಹೇಳು. ಆತುರ ಬೇಡ."

"ಆತುರ ಏನಿಲ್ಲ. ನೀನೇ ಬೇಗ ಬೇಗ ಗಾಜು ಬದಲಾಯಿಸ್ತಿದ್ದೀಯ."

ಏಳು ವರ್ಷದ ಮೇಲೆ ಆಡಿದ ಮಾತುಗಳು ಇವು. ದೂರದ್ದು ಆಯಿತು, ಹತ್ತಿರದ್ದು ಆಯಿತು. ನಂಬರು ಬರೆದುಕೊಳ್ಳುವಾಗ, "ಹಳೇದು ಯಾರು ಮಾಡಿದ್ದು?" ಎಂದು ಕೇಳದೆ ಇರಲಾಗಲಿಲ್ಲ.

"ಪೇಟೆ ಕಡೆ ಒಂದು ದೊಡ್ಡ ಅಂಗಡಿ. ನಿನ್ನ ಹತ್ರ ಬರೋಕಾಗ್ತಿರ್ಲಿಲ್ವಲ್ಲ."

"ಅವರನ್ನ ನಂಬಿ ಕೂತಿದ್ರೆ ಕಣ್ಣು ಇನ್ನೂ ಕೆಡ್ತಿತ್ತು."

"ಗೊತ್ತು. ಅದಕ್ಕೇ ಬಂದೆ."

ಆಮೇಲೆ ಫ್ರೇಮು ಆರಿಸಲು ಬಹಳ ಹೊತ್ತು ಹಿಡಿಯಿತು. ಕನ್ನಡಿಯಲ್ಲಿ ನೋಡಿಕೊಳ್ಳುತ್ತಲೇ ಅವಳು, "ಅಮ್ಮ ನಿನ್ನ ಮನೇಲಿ ಹಾಡ್ತಿರ್ಲಿಲ್ವಾ ಅಕ್ಕ?" ಎಂದಳು.

"ಇಲ್ಲ."

"ನನ್ನ ಮನೆಗೆ ಮಧ್ಯಾಹ್ನ ಬರ್ತಿದ್ರಲ್ಲ, ಅಡುಗೆಮನೇಲಿ ಕೂತು ಹಾಡೋರು. ನನಗೆ ಕಲಿಸಿದ್ದೇ ಅವರು. ನಿನಗೆ ಗದ್ದಲ ಆಗಿಬರಲ್ಲ, ಕೆಲಸದಿಂದ ದಣಿದು ಬರ್ತೀಯ, ಅದಕ್ಕೇ ಅಲ್ಲಿ ಹಾಡಲ್ಲ ಅಂತಿದ್ರು."

ಕಪ್ಪು ಫ್ರೇಮು ಬೇಡ, ಕಂದು ಬಣ್ಣದ್ದು ನಿನ್ನ ಮುಖಕ್ಕೆ ಒಪ್ಪುತ್ತದೆ ಎಂದೆ. ಅವಳು ಅದನ್ನೇ ತೆಗೆದುಕೊಂಡಳು.

ಅಮ್ಮ ಎಷ್ಟೋ ವರ್ಷ ನನ್ನ ಜೊತೆಗೇ ಇದ್ದರು. ಒಂದು ಸಲವೂ ಹಾಡಿದ್ದು ಕೇಳಲಿಲ್ಲ. ನನಗೆ ಗದ್ದಲ ಆಗಿಬರುವುದಿಲ್ಲವೆಂದು ಯಾರು ಹೇಳಿದರು ಅವರಿಗೆ? ಬಹಳ ಬೇಸರವಾಯಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಸುಮ್ಮನೆ ಕೂತಿದ್ದೆ.

ಸೆಪ್ಟೆಂಬರ್ 7, ಭಾನುವಾರ

ತಂಗಿ ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದಳು. ಗದ್ದ ಎತ್ತಲಿಲ್ಲ, ಹಣೆಗೆ ಏರಿಸಲಿಲ್ಲ. ನೇರವಾಗಿ ನಿಂತು ಹಾಡಿದಳು. ನನ್ನ ಕೆಲಸ ನನಗೇ ಮೆಚ್ಚುಗೆಯಾಯಿತು. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ತರು ಓರೆಗಣ್ಣಿನಿಂದ ನೋಡಿ, "ನೀವು ಹಾಡ್ತಿದ್ದೀರಿ" ಎಂದರು. ತುಟಿ ಆಡಿರಬಹುದು. ಪರದೆಯ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬಂದರೆ ಯಾರಾದರೂ ಓದುತ್ತಾರೆ.

ಸಮಾಧಾನದ ಹೊತ್ತಿಗೆ ಅವಳು ಆ ತುದಿಯಿಂದ ಶುರು ಮಾಡಿದಳು. ನಾನು ಬೆಂಚಿನಿಂದ ಹೊರಗೆ ಬಂದು ನಡುದಾರಿಯಲ್ಲಿ ನಿಂತೆ, ಒಳಗೆ ಸೆಖೆ ಇತ್ತು. ಯಾರದೋ ಅಜ್ಜಿ ಅವಳ ಕೈ ಹಿಡಿದುಕೊಂಡು ಬಿಡಲಿಲ್ಲ, ಮೊಮ್ಮಗಳ ಮದುವೆಯ ಸುದ್ದಿ ಪೂರ್ತಿ ಹೇಳಿದರು. ಗಿಟಾರ್ ಶುರುವಾಯಿತು. ಅವಳು ಹಾಡಲು ಓಡಿದಳು. ಆ ಅಜ್ಜಿಗೆ ಮದುವೆ ಸುದ್ದಿ ಹೇಳಲು ಬೇರೆ ಹೊತ್ತು ಸಿಗಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಆರಾಧನೆಯ ನಂತರ ಸಭೆ ಸೇರಿತು. ಎರಡು ಹೊತ್ತೋ ಒಂದೋ, ಇವತ್ತು ಕೈ ಎತ್ತಿ ತೀರ್ಮಾನಿಸಬೇಕು.

ನಾನು ಬೆಳಿಗ್ಗೆಯಿಂದಲೂ ಗೊಂದಲದಲ್ಲಿದ್ದೆ. ಎಂಟು ಗಂಟೆಯ ಪರವಾಗಿ ಮಾತಾಡಬೇಕಾದವಳು ನಾನೇ. ಆದರೆ ಈಚೆಗೆ ಒಂಬತ್ತೂಕಾಲು ನನ್ನ ಮಂಡಿಗೆ ಒಗ್ಗಿದೆ. ಬೆಳಗಿನ ಚಳಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಅದನ್ನೂ ಯೋಚಿಸಬೇಕಲ್ಲ. ಯಾರಾದರೂ ಒಂಬತ್ತೂಕಾಲೇ ಇರಲಿ ಎಂದು ಗಟ್ಟಿಯಾಗಿ ಹೇಳಿದರೆ, ಸಭೆಯ ಇಷ್ಟ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಾಗುವುದೆಂದು ನಿರ್ಧರಿಸಿದ್ದೆ. ಅಯ್ಯನವರು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ.

ಆಗ ತಂಗಿ ಎದ್ದು ನಿಂತಳು.

"ಎಂಟು ಗಂಟೆಯವರಿಗೆ ಅವರ ಎಂಟು ಗಂಟೆ ಕೊಟ್ಟುಬಿಡಿ ಅಯ್ಯನವರೇ. ಅವರು ಮೂರು ತಿಂಗಳು ನಮ್ಮ ಗದ್ದಲ ತಡ್ಕೊಂಡಿದ್ದಾರೆ. ಕೆಲವರಿಗೆ ಸುಮ್ಮನೆ ಕೂತ್ಕೊಳ್ಳೋದೇ ಪ್ರಾರ್ಥನೆ. ಅದನ್ನ ಕಿತ್ಕೊಳ್ಳೋದು ಸರಿಯಲ್ಲ."

ಹೇಳಿ ನನ್ನ ಕಡೆ ತಿರುಗಿ ಸ್ವಲ್ಪ ನಕ್ಕಳು. ನನಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ನಗು ಅದು. ಕೆಳಗೆ ಕೂತ್ಕೋ, ಬಾಯಿ ಮುಚ್ಚು ಎಂದು ಕೂಗಬೇಕೆನಿಸಿತು. ಇಷ್ಟು ವರ್ಷದ ಮೇಲೆ ಒಂದು ಸಲ ನನ್ನ ಪರವಾಗಿ ಮಾತಾಡುತ್ತಾಳೆ, ಅದೂ ಇದಕ್ಕೆ.

ಕೈಗಳು ಎದ್ದವು. ಪೋಸ್ಟ್‌ಮಾಸ್ತರು ಎರಡೂ ಕೈ ಎತ್ತಿದರು, ಅಯ್ಯನವರು ಒಂದನ್ನು ಇಳಿಸಲು ಹೇಳಿದರು. ಸಹಿ ಹಾಕಿಸಿದವಳು ನಾನು, ಎತ್ತದೆ ಹೇಗಿರಲಿ. ನಾನೂ ಎತ್ತಿದೆ. ಕೈ ಭಾರವಾಗಿತ್ತು. ಭುಜದ ನೋವು ಮತ್ತೆ ಶುರುವಾಗಿರಬೇಕು.

ಅಕ್ಟೋಬರ್ 5, ಭಾನುವಾರ

ಗೆದ್ದೆವು. ಎಂಟು ಗಂಟೆ. ಪೋಸ್ಟ್‌ಮಾಸ್ತರು, ನಾನು, ಮತ್ತೆ ಒಬ್ಬರೋ ಇಬ್ಬರೋ. ಹಲ್ಲಿನ ಡಾಕ್ಟರು ಬರಲಿಲ್ಲ. ಬಹಳ ಶಾಂತವಾಗಿತ್ತು.

ಅಕ್ಟೋಬರ್ 12, ಭಾನುವಾರ

ಶಾಂತವಾಗಿತ್ತು.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಂತಿದ್ದೆ. ಹತ್ತೂವರೆಯವರು ಬರುವ ತನಕ ಇರೋಣ ಎನ್ನಿಸಿತು, ಕಂದು ಫ್ರೇಮಿನ ಕಡ್ಡಿ ಸಡಿಲವಾಗಿದೆಯೇ ಎಂದು ವಿಚಾರಿಸಲು. ಹೊಸ ಕನ್ನಡಕ ಕೊಟ್ಟವರಿಗೆಲ್ಲ ಹೀಗೆ ವಿಚಾರಿಸುವುದು ನನ್ನ ಪದ್ಧತಿ. ಆದರೆ ಪೋಸ್ಟ್‌ಮಾಸ್ತರು ಬಂದು, "ಬಸ್ಸಿಗೆ ಕಾಯ್ತಿದ್ದೀರಾ?" ಎಂದರು. ನನ್ನ ಮನೆ ಎರಡು ಬೀದಿ ಆಚೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಮನೆಗೆ ಬಂದೆ. ಮಧ್ಯಾಹ್ನ ಊಟ ಸೇರಲಿಲ್ಲ. ನನಗೆ ಅವಳು ಬೇಕು ಎಂದು ಅಯ್ಯನವರಿಗೆ ಹೇಳಲು ಯಾವ ಅರ್ಜಿಯೂ ಇಲ್ಲ.

ಅಕ್ಟೋಬರ್ 19, ಭಾನುವಾರ

ಎಂಟು ಗಂಟೆ. ಅಯ್ಯನವರು ಶುರು ಮಾಡಿದರು, ನಾವು ಮೊಣಕಾಲೂರಿದೆವು. ಪಾಪದ ಅರಿಕೆ ನಡೆಯುತ್ತಿರುವಾಗ ಹಿಂದಿನ ಬಾಗಿಲು ಕಿರ್ ಎಂದಿತು. ಎಂಟು ಗಂಟೆಯವರು ಹಿಂದಿರುಗಿ ನೋಡುವುದಿಲ್ಲ, ಅದು ನಮ್ಮ ಶಿಸ್ತು. ಹೆಜ್ಜೆ ಸಪ್ಪಳ ಹತ್ತಿರ ಬಂತು. ನನ್ನ ಬೆಂಚಿಗೇ ಬಂದು, "ಸ್ವಲ್ಪ ಜರುಗು" ಎಂದು ಪಿಸುಗುಟ್ಟಿತು.

ತಂಗಿ. ಮುಖ ತೊಳೆದು ನೇರ ಬಂದ ಹಾಗಿತ್ತು. ಕಣ್ಣಲ್ಲಿ ಇನ್ನೂ ನಿದ್ದೆ.

"ನೀನು ಹತ್ತೂವರೆಗೆ ಬರ್ತೀಯಾ ಅಂತ ಎರಡು ವಾರ ನೋಡ್ದೆ" ಎಂದಳು. "ನೀನು ಬರೋಳಲ್ಲ. ಎಷ್ಟನೇ ಪುಟ?"

ನಾನು ಪುಸ್ತಕವನ್ನು ಇಬ್ಬರ ನಡುವೆ ಹಿಡಿದೆ. ಅವಳಿಗೆ ಹಳೆಯ ಕ್ರಮ ಮರೆತೇಹೋಗಿದೆ. ಬೆರಳಿಟ್ಟು ಒಂದೊಂದೇ ಸಾಲು ತೋರಿಸಿದೆ. ತಪ್ಪು ಜಾಗದಲ್ಲಿ ಆಮೆನ್ ಎಂದಳು, ಎರಡು ಸಲ. ಏಳಬೇಕಾದಾಗ ಕೂತಳು. ಮುಂದಿನ ಸಾಲಿನಿಂದ ಪೋಸ್ಟ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. ಅವಳು ತಲೆ ತಗ್ಗಿಸಿ, ಬಾಯಿ ಬಿಗಿದುಕೊಂಡು, ಒಂದು ಶಬ್ದವೂ ಬಾರದ ಹಾಗೆ ನಿಂತಳು. ಹುಟ್ಟಿದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ನನಗೋಸ್ಕರ ಸುಮ್ಮನಿದ್ದಳು.

ಪ್ರಸಂಗ ಮುಗಿಯಿತು. ಅಯ್ಯನವರು ಕಾಣಿಕೆಯ ತಟ್ಟೆ ಎತ್ತಿಕೊಂಡರು. ಆ ಕ್ಷಣಕ್ಕೆ ಎದ್ದು ತಿರುಗಿ ಕೈ ಚಾಚುವುದು ಮೂರು ತಿಂಗಳಲ್ಲಿ ಮೈಗೆ ಅಂಟಿಬಿಟ್ಟಿತ್ತೋ, ಅಥವಾ ನನಗೇ ಬೇಕಾಗಿತ್ತೋ, ತಿಳಿಯದು. ಹಳೆಯ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಅದಿಲ್ಲದಿರುವುದೇ ಎಂಟು ಗಂಟೆಯ ಸೊಗಸು ಎಂದು ಸಹಿ ಹಾಕುವವರಿಗೆಲ್ಲ ಬಿಡಿಸಿ ಹೇಳಿದವಳು ನಾನು. ಆದರೂ ತಂಗಿಯ ಕಡೆ ತಿರುಗಿ ಕೈ ಚಾಚಿ, ಆ ನಿಶ್ಶಬ್ದದಲ್ಲಿ ಇಡೀ ಚರ್ಚಿಗೆ ಕೇಳುವ ಹಾಗೆ, "ಕರ್ತನ ಸಮಾಧಾನವು ನಿನ್ನ ಸಂಗಡ ಇರಲಿ" ಎಂದುಬಿಟ್ಟೆ.

ಪೋಸ್ಟ್‌ಮಾಸ್ತರ ಪುಸ್ತಕ ಕೆಳಗೆ ಬಿತ್ತು. ಅಯ್ಯನವರು ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತರು, ಮುಂದುವರಿಯುವ ಆತುರ ತೋರಿಸಲಿಲ್ಲ.

ತಂಗಿ ನನ್ನ ಕೈ ನೋಡಿದಳು. ನನ್ನ ಮುಖ ನೋಡಿದಳು.

"ಶ್ ಅಕ್ಕ" ಎಂದು ಪಿಸುಗುಟ್ಟಿದಳು. "ಇಲ್ಲಿ ಅದೆಲ್ಲ ಇಲ್ಲ. ಬೇಡ ಅಂತ ಸಹಿ ಹಾಕ್ಸಿದ್ದು ನೀನೇ."

ಹಾಗೆಂದು ಕೈ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಹೊಸ ಕ್ರಮದಲ್ಲಿ ಕುಲುಕಿ ಬಿಟ್ಟುಬಿಡಬೇಕು, ಹಳೆಯದರಲ್ಲಿ ಹಿಡಿಯುವುದೇ ಇಲ್ಲ. ಎಷ್ಟು ಹೊತ್ತಿಗೆ ಬಿಡಬೇಕೆಂದು ಎರಡೂ ಕ್ರಮದಲ್ಲಿ ಇಲ್ಲದ್ದರಿಂದ ನಾನೂ ಬಿಡಲಿಲ್ಲ. ಕಾಣಿಕೆಯ ತಟ್ಟೆ ನಮ್ಮ ಬೆಂಚಿಗೆ ಬಂತು. ಅವಳ ಇನ್ನೊಂದು ಕೈಯಲ್ಲಿ ಪುಸ್ತಕ, ನನ್ನ ಪರ್ಸು ತೆರೆಯಲು ಎರಡು ಕೈ ಬೇಕು. ತಟ್ಟೆಯನ್ನು ಹಾಗೆಯೇ ಮುಂದೆ ಕಳಿಸಿದೆ. ಪೋಸ್ಟ್‌ಮಾಸ್ತರು ತಟ್ಟೆ ನೋಡಿದರು, ನಮ್ಮಿಬ್ಬರನ್ನು ನೋಡಿದರು, ತಮ್ಮ ಜೇಬಿನಿಂದ ನಮ್ಮಿಬ್ಬರ ಕಾಣಿಕೆಯನ್ನೂ ಹಾಕಿದರು.